ಹಂಪಿ, ಬಾದಾಮಿ ಟೂರ್‌ಗೆ ಲೋಕಲ್ ಗೈಡ್ ಜೊತೆ ಟೈ-ಅಪ್ ಮಾಡ್ಕೊಂಡ್ರೆ ಸಣ್ಣ ಏಜೆನ್ಸಿಗೆ ನಿಜವಾಗ್ಲೂ ಲಾಭ ಇದ್ಯಾ?

ಗಾಲಿ ಮೇಲೆ ಬದುಕು (ಬೆಂಗಳೂರು):

ನಮಸ್ಕಾರ ಎಲ್ರಿಗೂ. ನಂದು ಬೆಂಗಳೂರಲ್ಲಿ ಸಣ್ಣ ಟ್ರಾವೆಲ್ ಏಜೆನ್ಸಿ, ಎರಡು ಟಿಟಿ (ಟೆಂಪೋ ಟ್ರಾವೆಲರ್) ಸ್ವಂತದ್ದು, ಜಾಸ್ತಿ ಜನ ಆದ್ರೆ ಮಿನಿ ಬಸ್ ಬಾಡಿಗೆಗೆ ತಗೋತೀನಿ. ಶುರು ಮಾಡಿ ಮೂರು ವರ್ಷ ಆಯ್ತು. ಜಾಸ್ತಿ ಓಡೋದು ಹಂಪಿ, ಬಾದಾಮಿ, ಐಹೊಳೆ, ಪಟ್ಟದಕಲ್ಲು ಪ್ಯಾಕೇಜು, ಮೂರು ರಾತ್ರಿದು. ಇಲ್ಲಿವರೆಗೂ ನಮ್ಮ ಹುಡುಗನೇ ಒಬ್ಬ ಟೂರ್ ಮ್ಯಾನೇಜರ್ ಅಂತ ಜೊತೆಗೆ ಹೋಗ್ತಾನೆ, ರೂಮು ಊಟ ಎಲ್ಲ ಅವನೇ ನೋಡ್ಕೋತಾನೆ, ಜಾಗಕ್ಕೆ ಹೋದಾಗ ತನಗೆ ಗೊತ್ತಿರೋದು ನಾಲ್ಕು ಮಾತು ಹೇಳ್ತಾನೆ, ಗೈಡ್ ಬೇಕು ಅಂದೋರು ಗೇಟ್ ಹತ್ರ ಅವರೇ ಮಾತಾಡ್ಕೋತಿದ್ರು. ಹಿಂಗೇ ನಡೀತಿತ್ತು.

ಹೋದ ತಿಂಗಳು ಒಂದು ಅಪಾರ್ಟ್‌ಮೆಂಟಿಂದ 17 ಜನ ಬಂದಿದ್ರು, ಅದ್ರಲ್ಲಿ ಅರ್ಧಕ್ಕಿಂತ ಜಾಸ್ತಿ ರಿಟೈರ್ಡ್ ಮೇಷ್ಟ್ರುಗಳು. ಹೊಸಪೇಟೇಲಿ ತಿಂಡಿ ಮುಗಿಸಿ ವಿಜಯ ವಿಠ್ಠಲ ದೇವಸ್ಥಾನಕ್ಕೆ ಹೋಗೋ ಅಷ್ಟೊತ್ತಿಗೆ ಹನ್ನೊಂದೂವರೆ, ಬ್ಯಾಟರಿ ಗಾಡಿಗೆ ಬಿಸಿಲಲ್ಲಿ ಉದ್ದ ಕ್ಯೂ, ಒಬ್ರು ಅಮ್ಮಂಗೆ ತಲೆ ಸುತ್ತು ಬಂದು ಗೆಜ್ಜಲ ಮಂಟಪದ ಹತ್ರಾನೇ ಕೂತ್ಬಿಟ್ರು. ಅಲ್ಲಿಂದ ಕಮಲ ಮಹಲ್‌ಗೆ ಹೋದ್ರೆ ಟಿಕೆಟ್ ಕೇಳಿದ್ರು, ವಿಠ್ಠಲದಲ್ಲಿ ತಗೊಂಡ ಟಿಕೆಟ್ಟೇ ಆ ದಿನ ಅಲ್ಲೂ ನಡೆಯುತ್ತೆ ಅಂತ ನಮ್ಮ ಹುಡುಗಂಗೆ ಗೊತ್ತಿರ್ಲಿಲ್ಲ, ಎಲ್ರೂ ಅದನ್ನ ಹರಿದು ಬಿಸಾಕಿದ್ರು, 17 ಟಿಕೆಟ್ ಮತ್ತೆ ತಗೊಂಡ್ವಿ. ವಿರೂಪಾಕ್ಷಕ್ಕೆ ಹೋಗೋ ಹೊತ್ತಿಗೆ ಮಧ್ಯಾಹ್ನದ ಬಾಗಿಲು ಹಾಕಿದ್ರು. ಹಜಾರ ರಾಮ ದೇವಸ್ಥಾನದ ಹೊರಗೋಡೆ ಮುಂದೆ ನಿಂತು ಒಬ್ರು ಹಿಸ್ಟರಿ ಮೇಷ್ಟ್ರು ಈ ಕುದುರೆ ಆನೆ ಸಾಲು ಯಾವ ಮೆರವಣಿಗೆದಪ್ಪಾ ಅಂತ ಕೇಳಿದ್ರೆ ನಮ್ಮವನು ಗೊತ್ತಿಲ್ಲ ಸರ್ ಅಂದ.

ಬೆಂಗಳೂರಿಗೆ ವಾಪಸ್ ಬಂದ್ಮೇಲೆ ಅದೇ ಮೇಷ್ಟ್ರು ಕೈ ಹಿಡ್ಕೊಂಡು ಹೇಳಿದ್ರು, ಗಾಡಿ ಚೆನ್ನಾಗಿತ್ತು, ಊಟ ಚೆನ್ನಾಗಿತ್ತು, ಆದ್ರೆ ಹಂಪಿ ನೋಡಿದ ಹಾಗೆ ಆಗ್ಲಿಲ್ಲ ಕಣಪ್ಪ ಅಂತ. ಆ ಮಾತು ಇವತ್ತಿಗೂ ಮನಸ್ಸಿಂದ ಹೋಗಿಲ್ಲ.

ಈಗ ಆ ಕಡೆ ಗೈಡ್‌ಗಳ ಜೊತೆ ವರ್ಷಪೂರ್ತಿ ಅಂತ ಟೈ-ಅಪ್ ಮಾಡ್ಕೊಳ್ಳೋಣ ಅಂತಿದೀನಿ. ಆದ್ರೆ ಭಯಗಳೂ ಇವೆ. ಖರ್ಚು ಜಾಸ್ತಿ ಆಗಿ ರೇಟ್ ಏರಿಸಿದ್ರೆ ಜನ ಬರ್ತಾರಾ. ಗೈಡ್ ನಮ್ಮ ಕಸ್ಟಮರ್ ನಂಬರ್ ಇಸ್ಕೊಂಡು ಮುಂದಿನ ಸಲ ನೇರವಾಗಿ ಬನ್ನಿ ಅಂದ್ರೆ ಏನ್ಮಾಡೋದು. ಅಂಗಡಿಗೆ ಕರ್ಕೊಂಡು ಹೋಗಿ ಕಮಿಷನ್ ತಗೊಂಡ್ರೆ ಹೆಸರು ಕೆಡೋದು ನಂದು. ಮಾಡಿ ನೋಡಿರೋರು ಯಾರಾದ್ರೂ ಇದ್ರೆ ದಯವಿಟ್ಟು ಬಿಡಿಸಿ ಹೇಳಿ.

ತುಂಗಭದ್ರಾ ದಂಡೆ:

ನಮಸ್ಕಾರ್ರಿ ಸರ್. ನಾನು ಕಮಲಾಪುರ ಕಡೆಯವನು, ಪ್ರವಾಸೋದ್ಯಮ ಇಲಾಖೆ ಕಾರ್ಡ್ ಇರೋ ಗೈಡ್, ಹದಿಮೂರು ವರ್ಷ ಆತು. ನೀವು ಬರೆದಿದ್ದು ಓದಿ ಬ್ಯಾಸರ ಆತ್ರಿ, ಯಾಕಂದ್ರ ನೀವು ಹೇಳಿದ ಒಂದೊಂದು ತಪ್ಪೂ ಹಿಂದಿನ ದಿನ ಸಂಜಿ ಒಂದು ಫೋನ್ ಮಾಡಿದ್ರ ಆಗ್ತಿರಲಿಲ್ಲ.

ಜನ ಏನ್ ತಿಳ್ಕೊಂಡಾರ ಅಂದ್ರ ಗೈಡ್ ಅಂದ್ರ ಕಥಿ ಹೇಳೋನು ಅಂತ. ಕಥಿ ಆಮೇಲಿಂದು ಸರ್. ಮೊದಲು ಬಿಸಿಲು ಎಲ್ಲಿ ಬೀಳ್ತೈತಿ, ನೆರಳು ಎಲ್ಲಿ ಸಿಗ್ತೈತಿ, ಕುಡಿಯೋ ನೀರು ಎಲ್ಲೈತಿ, ಯಾವ ಹೊತ್ತಿಗೆ ಯಾವ ಜಾಗದಾಗ ಜನ ಕಡಿಮಿ ಇರ್ತಾರ ಅನ್ನೋದು. ನಿಮ್ಮ ಅದೇ 17 ಜನರನ್ನ ನನಗ ಕೊಟ್ಟಿದ್ರ ತಿಂಡಿ ಪಾರ್ಸಲ್ ಕಟ್ಟಿಸಿ ಬೆಳಿಗ್ಗೆ ಗೇಟ್ ತೆಗಿಯೋ ಹೊತ್ತಿಗೇ ವಿಠ್ಠಲದಾಗ ಇರ್ತಿದ್ವಿ. ನಡೆಯೋ ಶಕ್ತಿ ಇದ್ದೋರನ್ನ ಬಜಾರದ ಕಂಬಗಳ ಸಾಲು, ಪುಷ್ಕರಣಿ ತೋರಿಸ್ಕೋತ ನಡೆಸಿ, ಮಂಡಿ ನೋವಿನವರನ್ನ ಬ್ಯಾಟರಿ ಗಾಡಿಗೆ ಹತ್ತಿಸಿ, ಕಲ್ಲಿನ ರಥದ ಮುಂದ ಎಲ್ಲರೂ ಒಂದ್ ಕಡಿ ಸೇರೋದು. ಐವತ್ತು ರೂಪಾಯಿ ನೋಟಿನ ಹಿಂದ ಇರೋದು ಇದೇ ರಥ ಅಂತ ನೋಟು ತೆಗ್ಸಿ ಹಿಡಿಸ್ತೀನ್ರಿ, ವಯಸ್ಸಾದೋರೂ ಸಣ್ಣ ಹುಡುಗರಂಗ ಖುಷಿ ಪಡ್ತಾರ. ಟಿಕೆಟ್ ಎಲ್ಲಾ ನಾನೇ ಇಸ್ಕೊಂಡು ಜೇಬಿನಾಗ ಇಟ್ಕೊತೀನಿ, ಕಮಲ ಮಹಲಿಗೆ ಬೇಕು ಅಂತ.

ಆಮೇಲೆ ಆನೆ ಲಾಯ, ಹಜಾರ ರಾಮ, ಮಹಾನವಮಿ ದಿಬ್ಬ. ನಿಮ್ಮ ಮೇಷ್ಟ್ರು ಕೇಳಿದ್ದು ಭಾಳ ಚಲೋ ಪ್ರಶ್ನಿ ಸರ್. ಆ ಹೊರಗ್ವಾಡಿ ಮ್ಯಾಲಿನ ಕುದುರಿ, ಆನಿ, ಸೈನಿಕರು, ಕುಣಿಯೋ ಹೆಣ್ಮಕ್ಕಳು ಎಲ್ಲ ಮಹಾನವಮಿ ಹಬ್ಬದ ಮೆರವಣಿಗಿ ಅಂತಾರ, ಒಳಗ ಗುಡಿ ಗ್ವಾಡಿ ಮ್ಯಾಲ ರಾಮಾಯಣ. ಅದನ್ನ ನೋಡ್ಸಿ ಹತ್ತಿರದಾಗೇ ಇರೋ ದಿಬ್ಬ ಹತ್ತಿಸಿ, ರಾಜ ಇಲ್ಲಿ ಕುಂತು ಆ ಮೆರವಣಿಗಿ ನೋಡ್ತಿದ್ದ ಅಂದ್ರ ಎರಡೂ ಜಾಗ ಅವರ ತಲಿಯಾಗ ಒಂದಕ್ಕೊಂದು ಕೂಡ್ತಾವ. ಪೋರ್ಚುಗೀಸ್ ವ್ಯಾಪಾರಿ ಪಾಯೆಸ್ ಬಂದು ಆ ಹಬ್ಬ ನೋಡಿ ಬರೆದಿಟ್ಟಾನ ಅಂತ ಅಲ್ಲೇ ನಿಂತು ಹೇಳಬೇಕು, ಬಸ್ಸಿನಾಗ ಮೈಕ್ ಹಿಡ್ಕೊಂಡು ಹೇಳಿದ್ರ ಆಗಂಗಿಲ್ಲ. ಮಧ್ಯಾಹ್ನ ಕಮಲಾಪುರದಾಗ ಊಟ, ಒಂದು ತಾಸು ರೆಸ್ಟ್, ಮ್ಯೂಸಿಯಂನಾಗ ಇಡೀ ಹಂಪಿ ಮಾದರಿ ಐತಿ ಅದನ್ನ ನೋಡ್ಸೋದು. ಬಿಸಿಲು ಇಳದ ಮ್ಯಾಲ ಉಗ್ರ ನರಸಿಂಹ, ಬಡವಿ ಲಿಂಗ, ಹೇಮಕೂಟ, ಕಡೀಗೆ ವಿರೂಪಾಕ್ಷ. ಅಲ್ಲಿ ಗೋಪುರದ ನೆರಳು ತಲಿಕೆಳಗಾಗಿ ಗ್ವಾಡಿ ಮ್ಯಾಲ ಬೀಳೋ ಒಂದು ಸಣ್ಣ ಕ್ವಾಣಿ ಐತಿ, ಗೊತ್ತಿಲ್ಲದೋರು ಅದರ ಮುಂದೇ ಹಾದು ಹೊರಗ ಬಂದುಬಿಡ್ತಾರ.

ಏಜೆನ್ಸಿಗೆ ಲಾಭ ಏನು ಅಂತ ಕೇಳಿದ್ರಲ್ಲ, ಒಂದು ಹೇಳ್ತೀನಿ. 2024ರ ಆಗಸ್ಟ್‌ನಾಗ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಕೊಂಡು ಹೋತು, ಟಿವಿಯಾಗ ದಿನಾ ಅದೇ. ಬುಕ್ ಮಾಡಿದೋರೆಲ್ಲ ಹಂಪಿ ಮುಳುಗೈತಿ ಅಂತ ಕ್ಯಾನ್ಸಲ್ ಮಾಡಾಕ ಹತ್ತಿದ್ರು. ನಾನು ಬೆಳಿಗ್ಗೆ ಎದ್ದು ಗಾಡಿ ತಗೊಂಡು ಒಂದೊಂದು ಜಾಗಕ್ಕ ಹೋಗಿ ವಿಡಿಯೋ ಮಾಡಿ ನಮ್ಮ ಏಜೆನ್ಸಿಯವರಿಗೆ ಕಳಿಸ್ದೆ, ನದಿ ದಂಡಿ ಕಡೆ ಹೋಗಂಗಿಲ್ಲ, ತೆಪ್ಪ ಬಂದ್, ಉಳಿದದ್ದು ಒಣಗಿ ನಿಂತೈತಿ ನೋಡ್ರಿ ಅಂತ. ಅವರು ಅದನ್ನೇ ಕಸ್ಟಮರ್‌ಗೆ ಫಾರ್ವರ್ಡ್ ಮಾಡಿದ್ರು. ಮೂರು ಗ್ರೂಪಿನಾಗ ಎರಡು ಉಳೀತು. ಆನೆಗೊಂದಿಗೆ ತೆಪ್ಪದಾಗ ದಾಟೋದು ಬಿಟ್ಟು ಕಡೆಬಾಗಿಲು ಸೇತುವೆ ಮ್ಯಾಲ ಸುತ್ತಿಸಿ ಕರ್ಕೊಂಡು ಹೋದ್ವಿ. ಬೆಂಗಳೂರಾಗ ಕುಂತೋರಿಗೆ ಇದು ಹೆಂಗ ಗೊತ್ತಾಗ್ಬೇಕು ಸರ್?

ಇನ್ನ ಕಮಿಷನ್ ಮಾತು. ಮನಸ್ಸು ಬಿಚ್ಚಿ ಹೇಳ್ತೀನಿ, ತಪ್ಪು ತಿಳ್ಕೊಬ್ಯಾಡ್ರಿ. ಗೈಡ್ ಅಂಗಡಿಗೆ ಯಾಕ ಕರ್ಕೊಂಡು ಹೋಗ್ತಾನ ಅಂದ್ರ ಕೆಲವು ಏಜೆನ್ಸಿಯವರು ದಿನಕ್ಕ ಕೊಡೋದು ಐನೂರು, ಆರುನೂರು, ಉಳಿದಿದ್ದು ಅಂಗಡಿಯಾಗ ದುಡ್ಕೊ ಅಂತ ಬಾಯಿಬಿಟ್ಟೇ ಹೇಳ್ತಾರ. ಹಂಗಾದಾಗ ಅವನ ಕಣ್ಣು ಗುಡಿ ಮ್ಯಾಲ ಇರಲ್ಲ, ವಾಚ್ ಮ್ಯಾಲ ಇರ್ತೈತಿ. ಪೂರಾ ದಿನದ ದುಡ್ಡು ಪೂರಾ ಕೊಟ್ಟು ಅಂಗಡಿ ಬ್ಯಾಡ ಅಂದ್ರ ನಾವು ಯಾಕ್ರಿ ಹೋಗ್ತೀವಿ. ಮತ್ತ ಟ್ರಿಪ್ ಮುಗಿದ ದಿನಾನೇ ದುಡ್ಡು ಹಾಕ್ರಿ. ತಿಂಗಳ ಕಡಿಗೆ ಬಿಲ್ ಸೆಟಲ್ ಮಾಡ್ತೀವಿ ಅಂತ ಹೇಳಿ ಎರಡು ತಿಂಗಳು ಅಲೆಸಿದೋರು ಅದಾರ, ಅವರು ಡಿಸೆಂಬರ್‌ನಾಗ ಫೋನ್ ಮಾಡಿದ್ರ ನಾವು ಬಿಸಿ ಅಂತೀವಿ.

2020ರ ಲಾಕ್‌ಡೌನ್‌ನಾಗ ಇಡೀ ಹಂಪಿ ಖಾಲಿ, ಗೈಡ್‌ಗಳು ಗಾರೆ ಕೆಲಸಕ್ಕ, ಹೊಲಕ್ಕ ಹೋದ್ವಿ. ಆವಾಗ ಒಬ್ಬರು ಏಜೆನ್ಸಿಯವರು ಮುಂದಿನ ಟ್ರಿಪ್‌ಗಳ ಅಡ್ವಾನ್ಸ್ ಅಂತ ಹೇಳಿ ಹತ್ತು ಸಾವಿರ ಹಾಕಿದ್ರು. ಮುಂದಿನ ಟ್ರಿಪ್ ಯಾವಾಗ ಅಂತ ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಇವತ್ತಿಗೂ ದಸರಾ ರಜಾ, ಕ್ರಿಸ್‌ಮಸ್ ರಜಾ ಅಂದ್ರ ನನ್ನ ಡೈರಿಯಾಗ ಮೊದಲ ತಾರೀಕು ಅವರದು.

ಚಾಮುಂಡಿ ತಪ್ಪಲು (ಮೈಸೂರು):

ಮೇಲಿನ ಅಣ್ಣ ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಮೈಸೂರಲ್ಲಿ ಹದಿನಾರು ವರ್ಷದಿಂದ ಇದೇ ಕೆಲಸ ಮಾಡ್ತಿರೋನು, ಲೆಕ್ಕದ ಕಡೆಯಿಂದ ಹೇಳ್ತೀನಿ.

ನಾನು ಹಂಪಿಗೆ ಒಂದು ಪೂರ್ತಿ ದಿನಕ್ಕೆ 2500, ಬಾದಾಮಿ, ಐಹೊಳೆ, ಪಟ್ಟದಕಲ್ಲು ಸೇರಿ ಇನ್ನೊಂದು ದಿನಕ್ಕೆ 2500 ಕೊಡ್ತೀನಿ. ಇದು ನಾನೂ ಅವರೂ ಮಾತಾಡ್ಕೊಂಡಿರೋ ರೇಟು. ನಿಮ್ಮ 17 ಜನಕ್ಕೆ ಹಂಚಿದ್ರೆ ತಲೆಗೆ 300 ರೂಪಾಯಿ ಕೂಡ ಆಗಲ್ಲ. ಮೂರು ರಾತ್ರಿ ಟ್ರಿಪ್ ರೇಟಲ್ಲಿ 300 ರೂಪಾಯಿ ಜಾಸ್ತಿ ಅಂತ ಬಿಟ್ಟು ಹೋಗೋ ಕಸ್ಟಮರ್‌ನ ನಾನಂತೂ ನೋಡಿಲ್ಲ, ಪ್ಯಾಕೇಜ್ ಶೀಟಲ್ಲಿ ಗೈಡ್ ಸೇರಿದೆ ಅಂತ ಒಂದು ಲೈನ್ ಇದ್ರೆ ಅದಕ್ಕೇ ಬುಕ್ ಮಾಡೋರು ಇದ್ದಾರೆ. ಇನ್ನೊಂದು ಏನಂದ್ರೆ ಎಂಟು ಹತ್ತು ಜನದ ಸಣ್ಣ ಗ್ರೂಪ್‌ಗೆ ನಾನೀಗ ಟೂರ್ ಮ್ಯಾನೇಜರ್ ಕಳಿಸೋದೇ ಇಲ್ಲ, ಡ್ರೈವರ್ ಹಳಬ, ಅಲ್ಲಿ ಗೈಡ್ ಇರ್ತಾರೆ, ಮ್ಯಾನೇಜರ್ ರೂಮು, ಬಾಟಾ (ದಿನದ ಭತ್ಯೆ), ಊಟ ಎಲ್ಲ ಉಳೀತು, ಆ ದುಡ್ಡಲ್ಲೇ ಗೈಡ್ ಖರ್ಚು ಮುಗೀತು. ಒಂದು ಸೀಟೂ ಉಳೀತು, ಆ ಸೀಟು ಮಾರಬಹುದು.

ಕಸ್ಟಮರ್ ಕದೀತಾರೆ ಅನ್ನೋ ಭಯ ನಂಗೂ ಇತ್ತು. ಯೋಚನೆ ಮಾಡಿ, ಹಂಪಿ ನೋಡ್ಕೊಂಡು ಬಂದೋರು ಮುಂದಿನ ವರ್ಷ ಮತ್ತೆ ಹಂಪಿಗೇ ಹೋಗ್ತಾರಾ? ಅವರು ಮುಂದಿನ ಸಲ ಕೇರಳಕ್ಕೆ ಹೋಗ್ತಾರೆ, ಗೋಕರ್ಣಕ್ಕೆ ಹೋಗ್ತಾರೆ. ಆವಾಗ ಅವರು ಫೋನ್ ಮಾಡೋದು ನಿಮಗೆ, ಹಂಪಿ ಗೈಡ್‌ಗಲ್ಲ. ಹಂಪಿ ಗೈಡ್ ಚೆನ್ನಾಗಿ ಕೆಲಸ ಮಾಡಿದ್ರೆ ನಿಮ್ಮ ಗೋಕರ್ಣದ ಟ್ರಿಪ್ ತುಂಬುತ್ತೆ. ಅಷ್ಟೇ ಅಲ್ಲ, ಆ ಕಡೆಯಿಂದಲೂ ಬರುತ್ತೆ. ಹಂಪಿಗೆ ಟ್ರೈನಲ್ಲಿ ಬಂದಿಳಿದ ಬೇರೆ ರಾಜ್ಯದ ಫ್ಯಾಮಿಲಿಗಳು ಗೈಡ್ ಹತ್ರಾನೇ ಕೇಳೋದು, ಮೈಸೂರು ಬೇಲೂರು ನೋಡ್ಬೇಕು ಯಾರಾದ್ರೂ ನಂಬಿಕಸ್ಥರು ಗಾಡಿಯವರು ಇದ್ದಾರಾ ಅಂತ. ಹೋದ ಸೀಸನ್‌ನಲ್ಲಿ ನಂಗೆ ಹಾಗೆ ಹನ್ನೊಂದು ಬುಕಿಂಗ್ ಬಂತು, ಒಂದು ರೂಪಾಯಿ ಜಾಹೀರಾತು ಖರ್ಚಿಲ್ಲದೆ.

ಬಾದಾಮಿದು ಒಂದು ಹೇಳ್ಲೇಬೇಕು. ಅಲ್ಲಿ ನಮ್ಮ ಗೈಡ್ ಮೊದಲ ಮಾತೇ ಗುಹೆ ಬಗ್ಗೆ ಅಲ್ಲ, ಕೈಯಲ್ಲಿ ಪ್ಲಾಸ್ಟಿಕ್ ಕವರ್ ಹಿಡ್ಕೋಬೇಡಿ ಮಂಗಗಳು ಕಿತ್ಕೊಳ್ತಾವೆ, ನೀರಿನ ಬಾಟ್ಲು ಬ್ಯಾಗೊಳಗೆ ಹಾಕಿ ಅಂತ. ಮೂರನೇ ಗುಹೆಯಲ್ಲಿ ಮಂಗಲೇಶನ ಕ್ರಿ.ಶ. 578ರ ಶಾಸನ ತೋರಿಸಿ, ಅದಾದ್ಮೇಲೆ ಟೈಮ್ ಇದ್ರೆ ಮಾತ್ರ ಅಗಸ್ತ್ಯ ತೀರ್ಥದ ಆಚೆ ಬಂಡೆ ಮೇಲಿರೋ, ಹಳೇ ಕನ್ನಡ ತ್ರಿಪದಿ ಕೆತ್ತಿರೋ ಕಪ್ಪೆ ಅರಭಟ್ಟನ ಶಾಸನಕ್ಕೆ ಕರ್ಕೊಂಡು ಹೋಗ್ತಾರೆ. ಬಹಳ ಟೂರ್‌ಗಳು ಅಲ್ಲಿಗೆ ಹೋಗೋದೇ ಇಲ್ಲ. ಒಂದ್ಸಲ ನಮ್ಮ ಗ್ರೂಪಲ್ಲಿ ಒಬ್ರು ಕನ್ನಡ ಮೇಡಂ ಇದ್ರು, ಮೂವತ್ತು ವರ್ಷ ಪಾಠ ಮಾಡಿದೋರು. ಗೈಡ್ ಬಂಡೆ ಮುಂದೆ ನಿಂತು ಸಾಧುಗೆ ಸಾಧು ಅಂತ ಶುರು ಮಾಡಿದ ತಕ್ಷಣ ಅವರು ಪಕ್ಕದಿಂದ ಮುಂದಿನ ಸಾಲು ಹೇಳೋಕೆ ಶುರು ಮಾಡಿದ್ರು, ಇಬ್ರೂ ಸೇರಿ ತ್ರಿಪದಿ ಮುಗಿಸಿದ್ರು, ಮೇಡಂ ಕಣ್ಣಲ್ಲಿ ನೀರು. ಮೂವತ್ತು ವರ್ಷ ಪುಸ್ತಕದಲ್ಲಿ ಹೇಳ್ಕೊಟ್ಟಿದ್ದು ಇದೇ ಕಲ್ಲಾ ಅಂತ ಮುಟ್ಟೋಕೆ ಕೈ ಮುಂದೆ ಮಾಡಿ ಹಾಗೇ ಹಿಂದಕ್ಕೆ ತಗೊಂಡ್ರು. ಅವರ ಕಡೆಯಿಂದ ಆಮೇಲೆ ನಾಲ್ಕು ಗ್ರೂಪ್ ಬಂದಿದೆ ನಂಗೆ.

ಅದೇ ಗೈಡ್ ಗುಳೇದಗುಡ್ಡಕ್ಕೂ ಕರ್ಕೊಂಡು ಹೋಗ್ತಾರೆ, ಖಣ (ಕುಪ್ಪಸದ ಬಟ್ಟೆ) ನೇಯೋರ ಮನೆಗೆ. ಅದು ಅಂಗಡಿ ಅಲ್ಲ, ಮನೆ, ಪಡಸಾಲೆಯಲ್ಲೇ ಮಗ್ಗ. ಹೆಂಗಸರು ಮಗ್ಗದ ಪಕ್ಕ ಕೂತು ನೋಡ್ತಾರೆ, ಬೇಕಾದ್ರೆ ತಗೋತಾರೆ, ದುಡ್ಡು ನೇರ ನೇಕಾರರ ಕೈಗೆ. ಇದನ್ನ ನಾನು ಮೈಸೂರಲ್ಲಿ ಕೂತು ಪ್ಲಾನ್ ಮಾಡೋಕೆ ಸಾಧ್ಯಾನೇ ಇರ್ಲಿಲ್ಲ, ಈಗ ನನ್ನ ಪ್ಯಾಕೇಜಲ್ಲಿ ಎಲ್ರೂ ಹೊಗಳೋದು ಅದನ್ನೇ.

ಎಚ್ಚರಿಕೆ ಎರಡೇ. ಒಂದು ಊರಿಗೆ ಒಬ್ಬರನ್ನೇ ನೆಚ್ಕೋಬೇಡಿ, ಇಬ್ರು ಇರಲಿ, ಒಬ್ರ ಮನೇಲಿ ಮದುವೆ ಮುಂಜಿ ಆದ್ರೆ ಇನ್ನೊಬ್ರು ಬರ್ತಾರೆ. ಮತ್ತೆ ಎಲ್ಲ ವಾಟ್ಸಾಪಲ್ಲಿ ಬರೆದು ಕಳಿಸಿ, ಎಷ್ಟು ಗಂಟೆಗೆ, ಎಷ್ಟು ಜನ, ಯಾವ್ಯಾವ ಜಾಗ, ಎಷ್ಟು ದುಡ್ಡು, ಯಾರು ಕೊಡ್ತಾರೆ, ಅಂಗಡಿ ಸ್ಟಾಪ್ ಇಲ್ಲ ಅಂತ. ಇಲಾಖೆ ಕಾರ್ಡ್ ಫೋಟೋ ಇಸ್ಕೊಂಡು ಇಟ್ಕೊಳ್ಳಿ.

ಹೊಯ್ಸಳ ನಾಡಿನ ಸೊಸೆ:

ನಾನು ಏಜೆನ್ಸಿ ಅಲ್ಲ, ಟೂರ್‌ಗೆ ಹೋಗೋಳು. ಕಸ್ಟಮರ್ ಕಡೆಯಿಂದ ಒಂದು ಮಾತು ಹೇಳ್ಲಾ?

ಬೇಲೂರಿಗೆ ನಾನು ಎರಡು ಸಲ ಹೋಗಿದೀನಿ. ಮೊದಲನೇ ಸಲ ಒಂದು ಪ್ಯಾಕೇಜಲ್ಲಿ, ಯಾರದು ಅಂತ ಹೇಳಲ್ಲ. ಮುಕ್ಕಾಲು ಗಂಟೆ ಕೊಟ್ಟಿದ್ರು, ಹೊರಗಡೆ ಡ್ರೈವರ್ ಹಾರ್ನ್ ಹೊಡೀತಿದ್ದ. ಕನ್ನಡಿ ಹಿಡಿದಿರೋ ಮದನಿಕೆ ಶಿಲ್ಪ ದರ್ಪಣ ಸುಂದರಿ ಎಲ್ಲಿ ಅಂತ ಹುಡುಕೋದ್ರಲ್ಲೇ ಟೈಮ್ ಮುಗೀತು. ಬಂದು ಯಾರಾದ್ರೂ ಕೇಳಿದ್ರೆ ತುಂಬಾ ಕೆತ್ತನೆ ಇದೆ ಅಂತ ಹೇಳ್ತಿದ್ದೆ ಅಷ್ಟೇ.

ಎರಡನೇ ಸಲ 2023ರ ಡಿಸೆಂಬರ್, ಬೇಲೂರು ಹಳೇಬೀಡು ಸೋಮನಾಥಪುರ ಮೂರೂ ಯುನೆಸ್ಕೋ ಪಟ್ಟಿಗೆ ಸೇರಿ ಮೂರು ತಿಂಗಳಾಗಿತ್ತು, ಅತ್ತೆ ಮಾವನ್ನ ಕರ್ಕೊಂಡು ಬೇರೆ ಏಜೆನ್ಸಿಲಿ ಹೋದೆ, ಅವರ ಜೊತೆ ಬೇಲೂರಿನವರೇ ಒಬ್ರು ಗೈಡ್ ಇದ್ರು. ಅವರು ಮಾಡಿದ ಮೊದಲ ಕೆಲಸ ಎಲ್ರನ್ನೂ ಜಗತಿ (ಗುಡಿ ಸುತ್ತಲಿನ ಎತ್ತರದ ಕಟ್ಟೆ) ಮೇಲೆ ಒಂದು ಸುತ್ತು ಸುಮ್ನೆ ನಡೆಸಿದ್ದು, ಏನೂ ಹೇಳ್ದೆ. ಆಮೇಲೆ ಒಂದು ಮದನಿಕೆ ಕೆಳಗೆ ನಿಲ್ಲಿಸಿ ಕೈಯಲ್ಲಿ ಸಣ್ಣ ಕನ್ನಡಿ ಇಟ್ಕೊಂಡು ಬಿಸಿಲನ್ನ ಮೇಲಕ್ಕೆ ಬಿಟ್ರು. ಆ ಬೆಳಕು ಹೋದ ಕಡೆ ನೋಡಿದ್ರೆ ಅವಳ ತಲೆ ಮೇಲಿನ ಬಳ್ಳಿ ಚಪ್ಪರದಲ್ಲಿ ಒಂದು ಹಣ್ಣು, ಹಣ್ಣಿನ ಮೇಲೆ ನೊಣ, ಆ ನೊಣ ಹಿಡಿಯೋಕೆ ಹೊಂಚು ಹಾಕಿರೋ ಹಲ್ಲಿ. ನಮ್ಮ ಮಾವ ಕನ್ನಡಕ ಒರೆಸ್ಕೊಂಡು ಮೂರು ಸಲ ನೋಡಿದ್ರು. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿರುತ್ತೆ, ಗಾಳಿ ತಾಗ್ತಾ ಗಟ್ಟಿ ಆಗುತ್ತೆ, ಅದಕ್ಕೇ ಇಷ್ಟು ಸಣ್ಣ ಕೆಲಸ ಸಾಧ್ಯ ಆಯ್ತು ಅಂತ ಹೇಳಿದ್ರು.

ನಂಗೆ ಅವರ ಮೇಲೆ ಗೌರವ ಬಂದಿದ್ದು ಇನ್ನೊಂದು ಕಾರಣಕ್ಕೆ. ಅತ್ತೆ ಜಕಣಾಚಾರಿ ಕಥೆ ಕೇಳಿದ್ರು. ಅವರು ಕಥೆ ಚೆನ್ನಾಗಿ ಹೇಳಿದ್ರು, ಹೇಳಿ ಆದ್ಮೇಲೆ ಅಮ್ಮಾ ಇದು ಜನ ಹೇಳ್ಕೊಂಡು ಬಂದಿರೋ ಕಥೆ, ಕಲ್ಲಲ್ಲಿ ಬರೆದಿರೋ ಹೆಸರುಗಳು ಬೇರೆ ಇವೆ ಬನ್ನಿ ತೋರಿಸ್ತೀನಿ ಅಂತ ಮೂರ್ತಿ ಪೀಠದ ಕೆಳಗಿನ ಹಳಗನ್ನಡ ಅಕ್ಷರ ತೋರಿಸಿ, ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಅಂತ ಶಿಲ್ಪಿಗಳ ಹೆಸರು ಹೇಳಿದ್ರು. ಒಂಬೈನೂರು ವರ್ಷದ ಹಿಂದಿನ ಕೆಲಸಗಾರ ತನ್ನ ಹೆಸರು, ಊರು ಕೆತ್ತಿಟ್ಟಿದಾನೆ, ನಾವು ಅದರ ಮುಂದೆ ನಿಂತು ಸೆಲ್ಫಿ ತಗೊಂಡು ಹೋಗ್ತಿದ್ವಿ.

ಗಾಲಿ ಮೇಲೆ ಬದುಕು ಸರ್, ಅದಕ್ಕೇ ಗೈಡ್ ಆರಿಸುವಾಗ ಬರೀ ಮಾತುಗಾರ ಅಂತ ನೋಡ್ಬೇಡಿ. ಕಥೆ ಯಾವುದು, ಶಾಸನದಲ್ಲಿರೋದು ಯಾವುದು ಅಂತ ಬೇರೆ ಮಾಡಿ ಹೇಳೋರನ್ನ ಹುಡುಕಿ. ನಿಮ್ಮ ಗ್ರೂಪಲ್ಲಿ ಮೇಷ್ಟ್ರುಗಳು ಬರ್ತಾರೆ ಅಂದ್ರಲ್ಲ, ಅವರಿಗೆ ಸುಳ್ಳು ಹೇಳಿದ್ರೆ ತಕ್ಷಣ ಗೊತ್ತಾಗುತ್ತೆ. ವಿಠ್ಠಲದ ಸಂಗೀತ ಕಂಬ ಬಡಿಯೋ ಹಾಗಿಲ್ಲ ಅಂತ ನಿಯಮ ಇದ್ರೂ ಯಾರೂ ಇಲ್ದಾಗ ಬಡಿದು ತೋರಿಸ್ತೀನಿ ಬನ್ನಿ ಅನ್ನೋ ಗೈಡ್ ಸಿಕ್ರೆ ಅವರನ್ನ ಇಟ್ಕೋಬೇಡಿ.

ಆ ಏಜೆನ್ಸಿ ರೇಟು ಮೊದಲನೇದಕ್ಕಿಂತ ಜಾಸ್ತೀನೇ ಇತ್ತು. ಆಮೇಲೆ ಎರಡು ಟ್ರಿಪ್ ಅವರ ಜೊತೇನೇ ಹೋಗಿದೀವಿ.

ಗಾಲಿ ಮೇಲೆ ಬದುಕು (ಬೆಂಗಳೂರು):

ಇಷ್ಟು ಉದ್ದ ಕೂತು ಬರೆದಿದ್ದಕ್ಕೆ ಎಲ್ರಿಗೂ ತುಂಬಾ ಥ್ಯಾಂಕ್ಸ್. ತುಂಗಭದ್ರಾ ದಂಡೆ ಅಣ್ಣ, ನಿಮ್ಮ ಕಮಿಷನ್ ಮಾತು ಓದಿ ತುಂಬಾ ಹೊತ್ತು ಸುಮ್ನೆ ಕೂತಿದ್ದೆ. ನಾನೂ ಮೊದಲನೇ ವರ್ಷ ಒಬ್ರಿಗೆ ಕಡಿಮೆ ಕೊಟ್ಟು ಉಳಿದಿದ್ದು ನೋಡ್ಕೊಳ್ಳಿ ಅಂದಿದ್ದೆ, ಆಮೇಲೆ ಅವರು ಅಂಗಡೀಲಿ ಒಂದೂವರೆ ಗಂಟೆ ಕಳೆದ್ರು ಅಂತ ಬೈದಿದ್ದೂ ನಾನೇ. ಅದು ನನ್ನ ತಪ್ಪು ಅಂತ ಈಗ ಕಾಣ್ತಿದೆ.

ಟ್ರೆಕ್ಕಿಂಗ್ ಕಡೆ, ಮತ್ತೆ ಕಾಶಿ ಟೂರ್ ಮಾಡೋರು ಹೆಂಗೆ ಮಾಡ್ತೀರಾ? ಮುಂದಿನ ವರ್ಷ ಎರಡೂ ಶುರು ಮಾಡೋ ಯೋಚನೆ ಇದೆ.

ಕಳಸದ ಮಳೆ:

ನಮ್ಮದು ಕಳಸ ಹತ್ರ ಹೋಮ್‌ಸ್ಟೇ ಮಾರಾಯ್ರೆ. ಕುದುರೆಮುಖ ಚಾರಣಕ್ಕೆ ಅರಣ್ಯ ಇಲಾಖೆ ಪರ್ಮಿಷನ್ ಬೇಕು, ಊರಿನ ಗೈಡ್ ಜೊತೆಗೇ ಹೋಗ್ಬೇಕು, ಅದರಲ್ಲಿ ಮಾತಿಲ್ಲ. ಆದ್ರೆ ಕೆಲವು ಏಜೆನ್ಸಿಯವರು ತಮ್ಮದೇ ಟ್ರೆಕ್ ಲೀಡ್ ಹುಡುಗನ್ನ ಮುಂದೆ ಬಿಟ್ಟು ಊರಿನ ಗೈಡ್‌ನ ಹಿಂದೆ ಬ್ಯಾಗ್ ಹೊತ್ಕೊಂಡು ಬಾ ಅಂತಾರೆ. ಒಂದ್ಸಲ ಹಾಗೇ ಆಯ್ತು, ಒಂಟಿಮರ ದಾಟಿದ ಮೇಲೆ ಮಂಜು ಇಳೀತು, ಕೈ ಚಾಚಿದ್ರೆ ಬೆರಳು ಕಾಣ್ತಿರ್ಲಿಲ್ಲ, ಲೀಡ್ ಹುಡುಗ ಫೋನ್ ಮ್ಯಾಪ್ ನೋಡ್ಕೊಂಡು ಆರು ಜನಾನ ಬೇರೆ ದಿಣ್ಣೆಗೆ ಇಳಿಸಿದ. ನಮ್ಮೂರಿನವನು ಹಿಂದೆ ಇದ್ದವನು ಕೂಗಿ ಕೂಗಿ, ನೀರು ಹರಿಯೋ ಸದ್ದು ಎಡಗಡೆ ಬರ್ಬೇಕು ಬಲಗಡೆ ಬರ್ತಿದೆ ಅಂತ ಗೊತ್ತು ಮಾಡ್ಕೊಂಡು ಅವರನ್ನ ವಾಪಸ್ ಹತ್ತಿಸಿದ. ಎರಡು ಗಂಟೆ ಹೋಯ್ತು, ಜನ ಉಳಿದ್ರು.

ಮಳೆಗಾಲದಲ್ಲಿ ಇಂಬಳಕ್ಕೆ (ಜಿಗಣೆಗೆ) ಏನು ಹಚ್ಕೋಬೇಕು, ಹಳ್ಳ ಎಷ್ಟು ಏರಿದ್ರೆ ದಾಟಬಾರ್ದು, ಎಷ್ಟು ಗಂಟೆಗೆ ತುದಿ ಸಿಗ್ಲಿ ಬಿಡ್ಲಿ ವಾಪಸ್ ತಿರುಗ್ಬೇಕು ಅನ್ನೋದನ್ನ ಗೈಡ್ ಹೇಳ್ಬೇಕು, ಏಜೆನ್ಸಿಯವರು ಕೇಳ್ಬೇಕು. ಇವತ್ತು ಬೇಡ ಅಂದ್ರೆ ಬೇಡ. ಆ ಮಾತಿಗೆ ಬೆಲೆ ಕೊಡೋ ಏಜೆನ್ಸಿ ಆದ್ರೆ ಮಾತ್ರ ಬನ್ನಿ.

ಬೆಣ್ಣೆದೋಸೆ ಊರು (ದಾವಣಗೆರೆ):

ಕಾಶಿ, ಪ್ರಯಾಗ, ಗಯಾ ನಾವು ವರ್ಷಕ್ಕೆ ನಾಲ್ಕೈದು ಬ್ಯಾಚ್ ಮಾಡ್ತೀವಿ, ಬರೋರು ಎಲ್ಲ ಅರವತ್ತು ದಾಟಿದೋರು, ಮುಕ್ಕಾಲು ಜನಕ್ಕೆ ಹಿಂದಿ ಬರಲ್ಲ. ಅಲ್ಲಿ ಲೋಕಲ್ ಗೈಡ್ ಅಂದ್ರೆ ಬರೀ ಲೋಕಲ್ ಆದ್ರೆ ಸಾಲದು, ಕನ್ನಡ ಮಾತಾಡೋರು ಬೇಕು. ಹನುಮಾನ್ ಘಾಟ್ ಕಡೆ ನಮ್ಮ ದಕ್ಷಿಣದವರು ತಲೆಮಾರಿನಿಂದ ಇದ್ದಾರೆ, ನಮಗೆ ಸಿಕ್ಕಿರೋರು ಅಲ್ಲೇ ಹುಟ್ಟಿ ಬೆಳೆದೋರು, ಮನೆಮಾತು ಕನ್ನಡ.

ದೊಡ್ಡ ಬಸ್ಸು ಗಲ್ಲಿ ಹತ್ರ ಬರಲ್ಲ, ದೂರ ನಿಲ್ಲಿಸಿ ಇ-ರಿಕ್ಷಾ ಹಿಡೀಬೇಕು, ದೇವಸ್ಥಾನದೊಳಗೆ ಮೊಬೈಲ್ ಬಿಡಲ್ಲ, ಗಂಗೆ ಏರಿದ್ರೆ ದೋಣಿ ನಿಲ್ಲಿಸ್ತಾರೆ, ಗಯಾದಲ್ಲಿ ವಿಷ್ಣುಪಾದದ ಹತ್ರ ಪಿಂಡಕ್ಕೆ ಎಷ್ಟು ಅಂತ ಮೊದಲೇ ಮಾತಾಡಿಲ್ಲ ಅಂದ್ರೆ ಜನ ಅತ್ಕೊಂಡು ಬರ್ತಾರೆ. ಇದೆಲ್ಲ ಅವರು ನಾವು ಹೋಗೋ ಮುಂಚೆ ಸರಿ ಮಾಡಿರ್ತಾರೆ.

ಎರಡು ವರ್ಷದ ಹಿಂದೆ ನಮ್ಮ ಬ್ಯಾಚಲ್ಲಿ ಹರಿಹರದ ಒಬ್ರು ಅಜ್ಜಿ ವಿಶ್ವನಾಥ ಗಲ್ಲಿಯಲ್ಲಿ ತಪ್ಪಿಸ್ಕೊಂಡ್ರು. ಫೋನ್ ಲಾಕರ್‌ನಲ್ಲಿ. ನಮ್ಮ ಕೈಕಾಲು ಆಡ್ಲಿಲ್ಲ, ಪೊಲೀಸ್ ಸ್ಟೇಷನ್‌ಗೆ ಹೋಗೋಣ ಅಂತ ಹೊರಟ್ವಿ. ನಮ್ಮ ಗೈಡ್ ನಿಲ್ಲಿ ಅಂದು ಗಲ್ಲಿಯ ಎರಡೂ ತುದಿ ಅಂಗಡಿಯವರಿಗೆ ಫೋನ್ ಹಚ್ಚಿದ್ರು, ಹಸಿರು ಸೀರೆ, ಹಣೆ ಮೇಲೆ ವಿಭೂತಿ, ಬರೀ ಕನ್ನಡ ಮಾತಾಡ್ತಾರೆ ಅಂತ. ಇಪ್ಪತ್ತು ನಿಮಿಷದಲ್ಲಿ ಒಂದು ಸೀರೆ ಅಂಗಡಿಯಿಂದ ವಾಪಸ್ ಫೋನ್ ಬಂತು. ಹೋಗಿ ನೋಡಿದ್ರೆ ಅಜ್ಜಿ ಗಾದಿ ಮೇಲೆ ಕೂತು ಮಣ್ಣಿನ ಲೋಟದಲ್ಲಿ ಚಹಾ ಕುಡೀತಿದ್ರು, ಅಂಗಡಿ ಹುಡುಗ ಫ್ಯಾನ್ ಅವರ ಕಡೆ ತಿರುಗಿಸಿಟ್ಟಿದ್ದ. ಆ ಅಜ್ಜಿ ಮಗ ಆಮೇಲೆ ನಮ್ಮ ಆಫೀಸಿಗೆ ಬಂದು ಕೈ ಮುಗಿದ್ರು. ಮುಗೀಬೇಕಾಗಿದ್ದು ಕಾಶಿಯಲ್ಲಿರೋ ಅವರಿಗೆ ಅಂತ ಅವರ ನಂಬರ್ ನಾವೇ ಕೊಟ್ವಿ. ನಂಬರ್ ಬಚ್ಚಿಟ್ಕೊಳ್ಳೋ ಯೋಚನೆ ನಮಗೆ ಅವತ್ತೇ ಹೋಯ್ತು.

ಗಾಲಿ ಮೇಲೆ ಬದುಕು (ಬೆಂಗಳೂರು):

ಅಪ್‌ಡೇಟ್: ಹಂಪಿಗೆ ಇಬ್ರು, ಬಾದಾಮಿಗೆ ಒಬ್ರ ಹತ್ರ ಮಾತಾಡಿ ಆಯ್ತು, ದಿನದ ದುಡ್ಡು ಅವರು ಕೇಳಿದ್ದೇ ಒಪ್ಕೊಂಡೆ. ಟ್ರಿಪ್ ಮುಗಿದ ಸಂಜೇನೇ ದುಡ್ಡು ಹಾಕ್ತೀನಿ, ಅಂಗಡಿ ಬೇಡ ಅಂತ ಬರೆದು ಕಳಿಸಿದೀನಿ. ಪ್ಲಾನೂ ತಿರುಗಿಸಿದೆ, ಬೆಳಿಗ್ಗೆ ವಿಠ್ಠಲ, ಸಂಜೆ ವಿರೂಪಾಕ್ಷ. ನಮ್ಮ ಹುಡುಗನ್ನ ಮೊದಲ ಮೂರು ಟ್ರಿಪ್‌ಗೆ ಗೈಡ್ ಜೊತೆ ಬಿಟ್ಟು ಕಲೀಲಿ ಅಂತ ಕಳಿಸ್ತಿದೀನಿ. ಆ ಹಿಸ್ಟರಿ ಮೇಷ್ಟ್ರಿಗೆ ಫೋನ್ ಮಾಡಿ ಮುಂದಿನ ಬ್ಯಾಚಲ್ಲಿ ಒಂದು ಸೀಟು ನಿಮಗೆ ದುಡ್ಡಿಲ್ದೆ ಇಟ್ಟಿದೀನಿ ಸರ್, ಬರ್ಲೇಬೇಕು ಅಂದೆ, ಮನೆಯವರನ್ನೂ ಕರ್ಕೊಂಡು ಬರ್ತೀನಿ, ಅವರ ಸೀಟಿಗೆ ದುಡ್ಡು ಕೊಡ್ತೀನಿ ಅಂದ್ರು. 22ನೇ ತಾರೀಕು ಹೊರಡ್ತಿದೀವಿ, 19 ಜನ.

ಅಣ್ಣ, ಹೊರಡೋ ಮುಂಚೆ ನಿಮಗೆ ನಾನು ಏನೇನು ತಿಳಿಸ್ಬೇಕು?

ತುಂಗಭದ್ರಾ ದಂಡೆ:

ಭಾಳ ಖುಷಿ ಆತ್ರಿ ಸರ್. 21ರ ಸಂಜಿ ಫೋನ್ ಹಚ್ರಿ. ಎಷ್ಟು ಮಂದಿಗೆ ಮಂಡಿ ನೋವು ಐತಿ, ಯಾರಿಗೆ ಶುಗರ್ ಐತಿ, ಸಣ್ಣ ಮಕ್ಕಳು ಅದಾರೇನು, ಅದನ್ನ ಮೊದಲು ಹೇಳ್ರಿ. ಮೇಷ್ಟ್ರಿಗೆ ಹಜಾರ ರಾಮದಾಗ ಅರ್ಧ ತಾಸು ಜಾಸ್ತಿ ಇಡ್ತೀನಿ. ಎಲ್ಲರಿಗೂ ಟೋಪಿ ತರಾಕ ಹೇಳ್ರಿ, ಮತ್ತ ವಿಠ್ಠಲದ ಟಿಕೆಟ್ ಹರೀಬ್ಯಾಡ್ರಿ ಅಂತ ಬಸ್ಸಿನಾಗೇ ಹೇಳಿ ಕರ್ಕೊಂಡು ಬರ್ರಿ.